ಮೊದಲು ಬೆವರಲಿ

ಅಡಿಲೇಡಿನ ಅಂಚಿನ ಬಡಾವಣೆ, ಎರ್ಸಿಲಿಯಾಳ ಹಿತ್ತಿಲು.
ಮುಚ್ಚಿಹೋದ ಪಿಂಗಾಣಿ ಕಾರ್ಖಾನೆಯ ಭಟ್ಟಿ ಒಡೆದಾಗ
ಒಂದಕ್ಕೆ ಅರ್ಧ ಡಾಲರಿನಂತೆ ತಂದ ಇಟ್ಟಿಗೆ,
ಮೈತುಂಬ ಹಳೆಯ ಗಾರೆಯ ಹಕ್ಕಳೆ.
ಕೆರೆದಳು. ಮೂರು ವಾರ. ಉಳಿ ಮೊಂಡಾಯಿತು, ಮಾತೂ.

ಮಕ್ಕಳು ಆಡಿ ಬಿಟ್ಟ ಮರಳುಗುಣಿಯಿಂದಲೇ
ಮರಳು ತೋಡಿ, ನೀರು ಚಿಮುಕಿಸಿ, ಗುಪ್ಪೆ ಹಾಕಿ
ತಟ್ಟಿದಳು ಕುಂಬಳದ ಬೆನ್ನಿನಷ್ಟು ಗುಂಡಗೆ;
ಒದ್ದೆ ಪತ್ರಿಕೆ ಹೊದಿಸಿ
ಅದರ ಮೇಲೆ ಒಂದು ಸುತ್ತು, ಮತ್ತೊಂದು ಸುತ್ತು.
ನೆತ್ತಿಯ ಕೊನೆಯ ಇಟ್ಟಿಗೆ, ಬೆಣೆಯಂತೆ ಕೆತ್ತಿದ್ದು,
ಕೂರಲೊಲ್ಲೆನೆಂದು ಎರಡು ಸಲ ಹೊರಬಂತು.

ಎಂಟನೆಯ ದಿನ ಒಲೆಯ ಬಾಯಿಗೆ ಕೈಹಾಕಿ
ಮರಳು ಬಗೆದರು ಇಬ್ಬರು ಗಂಡುಮಕ್ಕಳು.
ಒಬ್ಬನ ನೆತ್ತಿ ಬಯಲು, ಇನ್ನೊಬ್ಬನಿಗೆ ಮೊಣಕಾಲು ನೋವು.
ಬಂತೊಂದು ತಗಡಿನ ಟ್ರ್ಯಾಕ್ಟರು, ಗಾಲಿ ಮೂರು.
"ನಂದು."
"ಅಲ್ಲ, ನಂದು."
"ಪಕ್ಕದ ಮನೆಯ ಲಾಮ್‌ನದು. ಕದ್ದಿದ್ದಿರಿ, ಇಬ್ಬರೂ"
ಎಂದಳು ತಾಯಿ, ಗಾರೆಯ ಕೈ ಸೊಂಟಕ್ಕೆ ಒರೆಸಿ.

ಮರಳು ಮುಗಿಯಿತು. ಗುಮ್ಮಟ ನಿಂತಿತು.
ಕಿರಿಯ ಒಳಗೆ ತಲೆಯಿಟ್ಟು 'ಓ' ಎಂದ.
ಒಲೆ 'ಓ' ಎಂದಿತು.

ಆಮೇಲೆ ಬಿಸಿಗಾಳಿ. ನಲವತ್ತಮೂರು ಡಿಗ್ರಿ.
ರೇಡಿಯೋ ಬೆಳಗಾದರೆ ಅದೇ ಹೇಳಿತು:
ಬಯಲಲ್ಲಿ ಬೆಂಕಿ ಹಚ್ಚುವಂತಿಲ್ಲ.
ಊರೆಲ್ಲ ಒಲೆ, ಒಲೆಯೊಂದೇ ತಣ್ಣಗೆ;
ಬೆಕ್ಕು ಅದರೊಳಗೇ ಮಲಗಿತು, ಒಂಬತ್ತು ದಿನ.

ಹತ್ತನೆಯ ದಿನ ಮೋಡ. ಬೆಕ್ಕನ್ನೆಬ್ಬಿಸಿ
ಅಂಗೈಯಗಲ ಬೆಂಕಿ ಇಟ್ಟಳು:
ನಾಲ್ಕು ದ್ರಾಕ್ಷಿಯ ಕಡ್ಡಿ, ಒಂದು ಹಳೆ ಕರೆಂಟು ಬಿಲ್ಲು.
"ಹಿಟ್ಟೆಲ್ಲಿ, ಟೊಮೇಟೊ ಎಲ್ಲಿ?" ಎಂದರು ಹುಡುಗರು.
"ಮೊದಲು ಬೆವರಲಿ."

ಸಂಜೆಯ ಹೊತ್ತಿಗೆ, ಭಟ್ಟಿಯಲ್ಲಿ ಹುಟ್ಟಿದ ಇಟ್ಟಿಗೆಗಳು
ಹೊಸದಾಗಿ ಸೇರಿದ ಕೂಲಿಗಳ ಹಾಗೆ
ಬೆವರಿದವು.