ನೀಲಿ ಕೊಳವೆ

ಮೆಕ್ಸಿಕಾಲಿ, ಜುಲೈ. ನೆರಳಿಗೂ ಜ್ವರ.
ಟ್ಯಾಕ್ಸಿಯ ಬಾನೆಟ್ ಎತ್ತಿ ನಿಂತ ರೆಫೂಹಿಯೊನಿಗೆ ಅವಸರ:
"ಇನ್ನೊಂದು ಡಬ್ಬಿ ಸುರಿ, ಎವುಲಾಲಿಯಾ,
ಹಿಮ ಬೀಳಲಿ ಒಳಗೆ."

ಅವಳು ಮಾತಾಡಳು.
ಕನ್ನಡಕ, ಕೈಗವಸು.
ನಿರ್ವಾತ ಅರ್ಧ ಗಂಟೆ ನಿಲ್ಲಬೇಕು;
ಮುಳ್ಳು ಅಲುಗಿದರೆ ಎಲ್ಲೋ ಸೋರಿಕೆ.
ಅಲುಗಲಿಲ್ಲ.
ನೀಲಿ ಕೊಳವೆ ಕಡಿಮೆ ಒತ್ತಡದ ಬಾಯಿಗೆ,
ಕೆಂಪಿನ ತಂಟೆಗೆ ಹೋಗುವಂತಿಲ್ಲ.
ತಕ್ಕಡಿಯ ಮೇಲೆ ಡಬ್ಬಿ ನೆಟ್ಟಗೆ,
ಗ್ರಾಂ ಗ್ರಾಂ ಹಗುರಾಗುತ್ತ.

ಅಪ್ಪನ ಹೆಬ್ಬೆರಳು ಬೆಳ್ಳಗೆ ಸತ್ತದ್ದು
ಇಂಥದೇ ಒಂದು ಮಧ್ಯಾಹ್ನ,
ನಲವತ್ತೆಂಟು ಡಿಗ್ರಿಯಲ್ಲಿ,
ಚಳಿ ಸುಟ್ಟು.

"ಐನೂರ ಹತ್ತು," ಎಂದು ತಿರುಪು ಮುಚ್ಚಿದಳು.
"ನಿನ್ನ ಗಾಡಿಯ ಹೊಟ್ಟೆಗೆ ಇಷ್ಟೇ."
ಕಿಂಡಿಗೆ ಕೆನ್ನೆ ಕೊಟ್ಟ ಮುದುಕ
ಬಾಡಿಗೆಗೆ ಕಾದವರಿದ್ದಾರೆಂಬುದನ್ನೇ ಮರೆತ.