ಅರ್ಧ ಅಂಕ

ಶನಿವಾರ ಮಧ್ಯಾಹ್ನ ಥರ್ಮನ್‌ನ ಟಯರ್ ಅಂಗಡಿಯಲ್ಲಿ
ಗಿರಾಕಿ ಕಡಿಮೆ, ಬಾಯಿ ಜಾಸ್ತಿ.
ಕಾಫಿ ತಳ ಹಿಡಿದು ಡಾಂಬರಾಗುವ ಹೊತ್ತಿಗೆ
ಮೊಣಕಾಲು ಹಿಡಿದುಕೊಂಡು ವರ್ಲನ್ ಬರುತ್ತಾನೆ,
ಕುರ್ಚಿಗೆ ಬೀಳುವ ಮೊದಲೇ ಶುರು:
"ಎಂಬತ್ನಾಲ್ಕರ ನವೆಂಬರ್. ಶನಿವಾರ ಸಂಜೆ ಆರು.
ಗೆದ್ದದ್ದು ಕ್ರೌನ್. ಅರ್ಧ ಅಂಕದಿಂದ."

ಬ್ಯಾಟರಿಗಳ ಪಕ್ಕದ ಸ್ಟೂಲಿನಿಂದ ಕ್ಲೀವಸ್:
"ಅರ್ಧ ಅಂಕ! ಕಾಫಿಗೆ ಹಾಕಿಕೊಂಡು ಕುಡಿ ಅದನ್ನ.
ರಿವರ್‌ಸೈಡ್‌ನವರ ಹತ್ತಿರ ಬಕ್ ಟಾರ್ಪ್ಲಿ ಇದ್ದ,
ನಿಮ್ಮವರ ಹತ್ತಿರ ಇದ್ದದ್ದು ಪ್ರಮೋಟರನ ಅಳಿಯ."

ಚಟನೂಗಾದಲ್ಲಿ ಇಷ್ಟು ಹಳೆಯ ಜಗಳ
ನದಿಗೂ ಸೇತುವೆಗೂ ಮಾತ್ರ ಇರಬಹುದು.
ಆ ನವೆಂಬರಿಗೆ ನಾನಿನ್ನೂ ಹುಟ್ಟಿರಲಿಲ್ಲ.
ಜ್ಯಾಕ್ ಎತ್ತುತ್ತ ಎತ್ತುತ್ತ ಎಲ್ಲ ಬಾಯಿಪಾಠ:
ಟಾರ್ಪ್ಲಿ ರಾತ್ರೋರಾತ್ರಿ ಚಾನೆಲ್ ದಾಟಿದ್ದು,
ಬೆಲ್ಟನ್ನು ಕಿರಾಣಿ ಚೀಲದಲ್ಲಿ ಸುತ್ತಿ ಒಯ್ದದ್ದು,
ಹಸಿರು ಮುಸುಕಿನವನು ಹಗ್ಗದ ಮೇಲಿಂದ ಜಿಗಿದಾಗ
ಕ್ಯಾಮೆರಾದವನು ಹೆದರಿ ಛಾವಣಿ ತೋರಿಸಿದ್ದು,
ಆಮೇಲೆ ಉತ್ತರದ ದೊಡ್ಡ ಕಂಪನಿ ಬಂದು
ಎರಡನ್ನೂ ನುಂಗಿ ನೀರು ಕುಡಿದದ್ದು.
ಸ್ಟುಡಿಯೋ ಇದ್ದಲ್ಲಿ ಈಗ ಹಾಸಿಗೆ ಮಾರುತ್ತಾರೆ.
"ಬೀಳುವುದಕ್ಕೆ ಈಗ ಮೆತ್ತಗಿದೆ" ಎನ್ನುತ್ತಾನೆ ಥರ್ಮನ್,
ವಾರಕ್ಕೊಮ್ಮೆ, ಅದೇ ನಗು.

ಕುಸ್ತಿಯೇ ಸುಳ್ಳು ಎಂದು ನಾನೊಮ್ಮೆ ಬಾಯಿಬಿಟ್ಟಿದ್ದೆ.
ವರ್ಲನ್ ಬೈಯಲಿಲ್ಲ. ಕಪ್ಪು ಕೆಳಗಿಟ್ಟ.
"ಯಾರ ಬೆನ್ನು ನೆಲಕ್ಕೆ ತಾಗಬೇಕೆಂದು
ಮಧ್ಯಾಹ್ನವೇ ಬರೆದಿಡುತ್ತಿದ್ದರು, ಮಗಾ,
ನಮಗೇನು ಗೊತ್ತಿರಲಿಲ್ಲವೇ?
ಆ ಅಂಕಿ ಮಾತ್ರ ಯಾರೂ ಬರೆದುಕೊಟ್ಟದ್ದಲ್ಲ.
ಈ ಊರಲ್ಲಿ ನಡೆದ ನಿಜವಾದ ಕುಸ್ತಿ ಅದೊಂದೇ."
ಅದಕ್ಕೆ ಕ್ಲೀವಸ್ ಕೂಡ ತಲೆಯಾಡಿಸಿದ.

ಕಳೆದ ವಾರ ಆರ್ಡಿತ್ ಮಿಮ್ಸ್ ಬಂದಿದ್ದರು,
ಹಿಂದಿನ ಎರಡು ಟಯರ್ ಸವೆದು ಬೋಳಾಗಿ.
ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಎರಡೂ ಕೈ.
ಜಗಳ ಕೇಳುತ್ತ ಕೂತವರು, ಅರ್ಧ ಅಂಕ ಬಂದಾಗ ಅಂದರು:
"ಆ ಪುಸ್ತಕ ನಮ್ಮನೆಗೂ ಬಂದಿತ್ತು."

"ಯಾವ ಪುಸ್ತಕ?"

"ಯಾರು ಏನು ನೋಡಿದಿರಿ ಅಂತ
ಕಾಲು ಗಂಟೆಗೊಂದು ಗೀಟು ಹಾಕುವುದು.
ಜೊತೆಗೊಂದು ಗರಿಗರಿ ಡಾಲರ್ ನೋಟು.
ಡೆವಿಟ್‌ಗೆ ಕ್ರೌನ್ ಅಂದರೆ ಪ್ರಾಣ,
ಒಂದು ಶನಿವಾರ ತಪ್ಪಿಸಿದವರಲ್ಲ.
ಅವರು ಹೋದದ್ದು ಆಗಸ್ಟಿನಲ್ಲಿ.
ಪುಸ್ತಕ ಬಂದದ್ದು ನವೆಂಬರಿನಲ್ಲಿ.
ಮನೆಯಲ್ಲಿ ಗಂಡಸರೆಷ್ಟು, ವಯಸ್ಸೆಷ್ಟು,
ಮೊದಲ ಪುಟದಲ್ಲೇ ಕೇಳಿದ್ದರು.
ಖಾಲಿ ಬಿಡಲು ಕೈ ಬರಲಿಲ್ಲ.
ಒಂದು, ನಲವತ್ತೊಂದು, ಅಂತ ಬರೆದೆ.
ಆ ಶನಿವಾರ ಆರರಿಂದ ಏಳರವರೆಗೆ
ಅವರ ಸಾಲಿನಲ್ಲಿ ನಾಲ್ಕು ಗೀಟು.
ಟಿವಿ ಹಾಕಿರಲೇ ಇಲ್ಲ.
ನಾನು ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದೆ."

ಕಂಪ್ರೆಸರ್ ತಾನೇ ಗುಡುಗಿ ತಾನೇ ನಿಂತಿತು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಆಸಾಮಿ ವರ್ಲನ್.
ಈಗ ಬಿದ್ದವರಾರು, ನಿಂತವರಾರು ತಿಳಿಯದೆ
ಮೀಸೆಯ ಮೇಲೆ ಕೈಯಿಟ್ಟು ಕೂತ.
ಬಹಳ ಹೊತ್ತಾದ ಮೇಲೆ:
"ಹಾಗಾದರೆ ಅದು ಲೆಕ್ಕಕ್ಕಿಲ್ಲ.
ಕ್ರೌನ್‌ಗೆ ಅಷ್ಟು ಕಮ್ಮಿ ಮಾಡಿ."

"ಲೆಕ್ಕಕ್ಕಿದೆ" ಅಂದ ಕ್ಲೀವಸ್.
ನಲವತ್ತು ವರ್ಷ ಕೂದಲೆಳೆಯಷ್ಟೂ ಬಿಟ್ಟುಕೊಡದವನು
ಸ್ಟೂಲಿನಿಂದ ಎದ್ದು ನಿಂತಿದ್ದ.
"ಡೆವಿಟ್ ಇದ್ದಿದ್ದರೆ ಅದನ್ನೇ ನೋಡುತ್ತಿದ್ದ ತಾನೇ?
ಅವನ ಗೀಟು ಅಳಿಸಲು ನೀನ್ಯಾರು?"
"ಇಲ್ಲದವರನ್ನು ಎಣಿಸಿ ಗೆದ್ದರೆ ಅದೆಂಥ ಗೆಲುವೋ?"
"ಎಣಿಸದೆ ಗೆದ್ದರೆ ಎಂಥದ್ದೋ?"

ಕ್ರೌನ್‌ನ ಪರ ಕ್ಲೀವಸ್, ವಿರುದ್ಧ ವರ್ಲನ್,
ದನಿಗೆ ದನಿ ಏರಿಸಿ, ತೊಡೆ ತಟ್ಟಿ,
ಟಾರ್ಪ್ಲಿಯಂತೆ ತಾವೂ ಚಾನೆಲ್ ದಾಟಿದ್ದು
ಇಬ್ಬರ ಗಮನಕ್ಕೂ ಬಾರದೆ.

ಆರ್ಡಿತ್ ಬಿಲ್ಲು ನೋಡಿದರು: ಎರಡು ಟಯರು, ಅಲೈನ್‌ಮೆಂಟು.
ನೋಟುಗಳನ್ನು ಒಂದೊಂದೇ ನೀವಿ ಎಣಿಸಿಕೊಟ್ಟರು.
ಬಾಗಿಲ ಬಳಿ ತಿರುಗಿ ನನ್ನನ್ನು ಕೇಳಿದರು:
"ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಗಾಳಿ ಇದೆಯಾ, ನೋಡಿದೆಯಾ?
ಯಾರೂ ಬಳಸಿಲ್ಲ ಅದನ್ನ.
ಆದರೂ."