ಒಳಗಿನ ಗೆರಿ

"ಹೊರಗಿನ ಗೆರಿ ನೋಡಿ ಒಳಗಿಂದು ಹೇಳಾಕ ಬರೂದಿಲ್ಲ,
ಹಳೇ ಕಾಗದ ತೊಗೊಂಡು ಬಾ," ಅಂದರು
ಜಮಖಂಡಿಯ ಡಾಕ್ಟರಮ್ಮ.
ಚೀಲಾನ ಅಡ್ಡ ಕೊಯ್ದಾರೋ ಉದ್ದ ಕೊಯ್ದಾರೋ
ಅದರ ಮ್ಯಾಲೇ ಐತಂತ ಎಲ್ಲಾ.

ನಾಕು ವರ್ಷದ ಹಿಂದಿನ ಮಾತು.
ಟ್ರಂಕಿನ ತಳಾ ಕೆದರಿದೆ:
ಕುಲಾಯಿ, ಕರೆಂಟಿನ ಬಿಲ್ಲು,
ನೇಕಾರ ಸಂಘದ ಪಾಸ್‌ಬುಕ್ಕು,
ಮಗಳ ಕೈಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ.
ಅದರಾಗ ಆಕಿ ಹೆಸರಿಲ್ಲ, ನಂದೈತಿ:
ದಾನೇಶ್ವರಿ, ಹೆಣ್ಣು, ಎರಡು ಕೇಜಿ ಎಂಟುನೂರು.
ನನ್ನ ಹೆಂಗ ಕೊಯ್ದರು ಅನ್ನೂ ಹಾಳಿ ಮಾತ್ರ
ಎಲ್ಲೂ ಇಲ್ಲ.

ಅವತ್ತು ಯಾರೂ ಕೇಳಲಿಲ್ಲ. ನಾನೂ.
ಹಸರ ಅರಿವಿ ಎದಿಗೆ ಅಡ್ಡ ಕಟ್ಟಿದ್ದರು,
ಆ ಕಡೆ ಯಾರೋ ಯಾರಿಗೋ
ಊಟ ಆತೇನು ಅಂತ ಕೇಳತಿದ್ದರು.
ಹೊಟ್ಟ್ಯಾಗ ಕೈ ಆಡಿದ್ದು ಗೊತ್ತಾತು,
ನೋವು ಗೊತ್ತಾಗಲಿಲ್ಲ.
ಇವತ್ತು ನಾ ಟ್ರಂಕಿನ್ಯಾಗ ಹುಡುಕಿದಂಗ.

ಅತ್ತಿ ಅಂತಾಳ: "ಯಾಕಬೇ ಇಲ್ಲದ ಉಸಾಬರಿ?
ಒಮ್ಮೆ ಕೊಯ್ದ ಮ್ಯಾಲೆ ಕೊಯ್ಸೂದ ಸೈ.
ಅಯ್ಯನಾರನ್ನ ಕೇಳಿ ಚಲೋ ಗಳಿಗಿ ಹಿಡಿಯೋಣು."
ಆರು ಹಡದಾಕಿ ಆಕಿ, ಮಗ್ಗದ ಕುಣಿ ಬಾಜೂಕ,
ಒಂದಕ್ಕೂ ಗಳಿಗಿ ಕೇಳಿದ್ದಿಲ್ಲ.
ನಾಕು ಅದಾವು. ಉಳಿದೆರಡರ ಮಾತು ಬಂದರ
ಸೆರಗಿನ ತುದಿ ತಿರುವಕೋತ ಕೂಡತಾಳ.
ಅದಕ್ಕ ನಾ ಎದುರಾಡಲಿಲ್ಲ.

ಇವರು ಬೈಕ್ ಮ್ಯಾಲೆ ಹೋಗಿ
ಜಮಖಂಡಿತನಾ ಹಂಪು ಎಣಿಸಿ ಬಂದಾರ.
ಇಪ್ಪತ್ಮೂರು. ಹೋಗೂವಾಗ. ಬರೂವಾಗ ಇಪ್ಪತ್ನಾಕು.
"ಒಂದು ಎಲ್ಲೆ ತಪ್ಪಿತೋ," ಅಂತ
ರಾತ್ರಿ ಉಣ್ಣುಕೋತ ಅದನ್ನ ವಿಚಾರ ಮಾಡತಾರ.

"ನೂರರಾಗ ಎಪ್ಪತ್ತು ಮಂದಿಗೆ ಆಕ್ಕೈತಿ," ಅಂದಿದ್ದರು ಡಾಕ್ಟರಮ್ಮ,
"ಇನ್ನೂರರಾಗ ಒಬ್ಬಾಕಿಗೆ ಹೊಲಿಗಿ ಬಿಚ್ಚತೈತಿ."
ನಾ ಎಪ್ಪತ್ತು ಮಂದಿನ್ನ ಬಿಟ್ಟು
ಆ ಒಬ್ಬಾಕಿ ಜೋಡೀನ ಮನಿಗೆ ಬಂದೆ.
ಬನಹಟ್ಟಿಯ ನಮ್ಮ ಓಣ್ಯಾಗ ಸುಮಾರು ಇನ್ನೂರು ಮಗ್ಗ,
ಯಾವಾಗ ನೋಡಿದರೂ ಒಂದು ನಿಂತಿರತೈತಿ.

ನಮ್ಮಪ್ಪ ಎಳಿ ಹರದರ
ನೋಡದನ ಗಂಟು ಹಾಕಾಂವ.
"ಸಣ್ಣ ಗಂಟು ಹಣಗಿ ದಾಟತೈತಿ," ಅಂತಿದ್ದ,
"ದಪ್ಪಿದ್ದರ ಅಲ್ಲೇ ಮತ್ತ ಹರೀತೈತಿ."
ಯಾವುದು ಸಣ್ಣದು, ಯಾವುದು ದಪ್ಪಂದು?
"ದಾಟಿದ ಮ್ಯಾಲೆ ಹೇಳತೇನಿ," ಅಂತ ನಗತಿದ್ದ.

ಕಡೀಕ ಮಹಾಲಿಂಗಪುರಕ್ಕ ಹೋದೆ,
ಆಗ ಹಡದ ದವಾಖಾನಿಗೆ.
ಸಿಸ್ಟರ್ ಮೆಹರುನ್ನಿಸಾ ಇನ್ನೂ ಅಲ್ಲೇ ಇದ್ದಳು,
ಕನ್ನಡಕ ಬಂದಿತ್ತು.
ಮಾಳಿಗಿ ಮ್ಯಾಲಿನ ಕೋಲ್ಯಾಗ
ಧೂಳಿಗೆ ಸೀನಕೋತ ರಜಿಸ್ಟರ್ ತಿರುವಿದಳು.
ನನ್ನ ಹಿಂದೂ ಮುಂದೂ ಎಷ್ಟು ಹೆಣ್ಣಮಕ್ಕಳು!
ಒಬ್ಬೊಬ್ಬರಿಗೆ ಒಂದೊಂದು ಸಾಲು.
"ಇಲ್ಲಿ ಅದೀ ನೋಡ. ಕೆಳಗ, ಅಡ್ಡ."
ನನಗ ಅಳು ಬಂತು.
"ಚಲೋ ಸುದ್ದಿ ಐತಲ್ಲವಾ," ಅಂದಳು ಆಕಿ.
ಚಲೋ ಅನ್ನೂದಕ್ಕಲ್ಲ.
ನಾ ಅಲ್ಲಿ ಬರದಿದ್ದೆ ಅನ್ನೂದಕ್ಕ.

ಡಾಕ್ಟರಮ್ಮ ಫೋಟೊ ನೋಡಿದರು, ಕಣ್ಣಿಗೆ ಹತ್ತಿರ ಹಿಡದು.
"ಕಾಯೋಣು. ಬ್ಯಾನಿ ಶುರುವಾದ ಕೂಡ್ಲೇ ಬರಬೇಕು,
ಮನ್ಯಾಗ ಕುಂಡ್ರಬಾರದು.
ಆಗದಿದ್ದರ ಕೊಯ್ತೇನಿ. ಆಗ ಅಳಬಾರದು."
"ಅಳತೇನ್ರಿ," ಅಂದೆ,
"ಆದರ ಈ ಸಲ ಹೆಂಗ ಕೊಯ್ದ್ರಿ ಅಂತ
ಟೇಬಲ್ ಮ್ಯಾಲೇ ಕೇಳತೇನಿ."
ಅವರು ಪೆನ್ನು ಕೆಳಗಿಟ್ಟರು. ನಕ್ಕರೋ ಇಲ್ಲೋ,
ಮಾಸ್ಕಿನ ಒಳಗಿಂದು ಹೇಳಾಕ ಬರೂದಿಲ್ಲ.

ನಿನ್ನೆ ನಡುರಾತ್ರಿ ಕರೆಂಟು ಹೋತು.
ಓಣೀ ತುಂಬ ಮಗ್ಗ ಒಮ್ಮೆಲೇ ನಿಂತವು.
ಹುಟ್ಟಿದಾಗಿನಿಂದ ಆ ಸಪ್ಪಳದಾಗ ಮಲಗಿದಾಕಿ,
ನಿಂತರ ಎಚ್ಚರಾಕ್ಕೇನಿ.
ಹೊಟ್ಟಿ ಬಿಗಿಯಾತು, ಕಲ್ಲಿನಂಗ,
ಗೆರಿ ಇದ್ದಲ್ಲಿ ಕೈ ಇಟ್ಟೆ,
ಮೆಲ್ಲಕ ಸಡ್ಲಾತು.
ಇವರನ್ನ ಎಬ್ಬಿಸಿದೆ.
ಕಣ್ಣು ತೆರೀದನ ಕೇಳಿದರು:
"ಹಂಪು ಇಪ್ಪತ್ಮೂರೋ, ಇಪ್ಪತ್ನಾಕೋ?"

ಗೂಟಕ್ಕ ಸಿಗಿಸಿದ್ದ ಫೈಲು
ಕತ್ತಲದಾಗ ಕೈಗೆ ಸಿಕ್ಕಿತು.
ಈ ಸಲ ಹುಡುಕಲಿಲ್ಲ.